ಕೊನೆ ಮನೆ ನಲ್ಲಿಯಲ್ಲಿ ಕ್ಲೋರಿನ್ ಇದೆಯಾ?

ಊರಿಗೆ ಟ್ಯಾಂಕ್ ಬಂತು, ಮನೆಮನೆಗೂ ನಲ್ಲಿ ಬಂತು. ಆ ನೀರು ಕುಡಿಯಬಹುದಾ, ರೋಗಾಣು ಕೊಲ್ಲೋ ಕ್ಲೋರಿನ್ ಕೊನೇವರೆಗೂ ಉಳಿದಿದೆಯಾ ಅಂತ ತಿಳಿಯೋಕೆ ಊರಿನ ತುದಿಯ ಮನೆಗೇ ಹೋಗಬೇಕು. ಅದಕ್ಕೂ ಮುಂಚೆ ಟ್ಯಾಂಕಿನ ಕೆಲಸ ನೋಡೋಣ.

ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಹಿಡಿದ್ರೆ 200 ಜನಕ್ಕೆ 10,000 ಲೀಟರ್. ಕೊಳವೆಬಾವಿಯ ತಿಳಿನೀರಾದ್ರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದ್ರೆ ಈ ಟ್ಯಾಂಕಿಗೆ 25 ಗ್ರಾಂ. ಇದು 33% ಕ್ಲೋರಿನ್ ಇರೋ ಹೊಸ ಪೌಡರಿನ ಲೆಕ್ಕ. ಬಾಯಿ ಬಿಚ್ಚಿದ ಚೀಲ ತೇವದಲ್ಲಿ ಕೂತು 15%ಕ್ಕೆ ಇಳಿದಿದ್ರೆ, ಅದೇ 25 ಗ್ರಾಂ ಅರ್ಧ ಕೆಲಸವನ್ನೂ ಮಾಡಲ್ಲ. ಗಂಟುಗಟ್ಟಿ ಘಾಟು ಕಳಕೊಂಡ ಪೌಡರನ್ನ ನಂಬಬೇಡಿ.

ಪುಡಿಯನ್ನ ಹಾಗೇ ಟ್ಯಾಂಕಿಗೆ ಸುರಿಯೋದು ತಪ್ಪು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ತುಂಬಿಸಿ, ಅಲ್ಲಾಡಿಸದೆ ಬಿಡಿ. ನೋಡಿ, ತಳದಲ್ಲಿ ಬೆಳ್ಳಗೆ ಸುಣ್ಣದ ಗಸಿ ಕೂತಿದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಗಸಿ ಟ್ಯಾಂಕಿಗಿಳಿದ್ರೆ ವಾಲ್ವ್ ಕಟ್ಟಿಕೊಳ್ಳುತ್ತೆ. ಮೋಟಾರ್ ಓಡುವಾಗಲೇ ಹಾಕಿದ್ರೆ ಬರೋ ನೀರೇ ಬೆರೆಸುತ್ತೆ. ಟ್ಯಾಂಕ್ ತುಂಬಿದ ಮೇಲೆ ಅರ್ಧ ಗಂಟೆ ವಾಲ್ವ್ ಮುಟ್ಟಬಾರದು, ರೋಗಾಣು ಸಾಯೋಕೆ ಅಷ್ಟು ಹೊತ್ತು ಬೇಕೇಬೇಕು. ಬಗ್ಗಡ ನೀರಾದ್ರೆ ಮೊದಲು ಸೋಸಲೇಬೇಕು, ಇಲ್ದಿದ್ರೆ ಕ್ಲೋರಿನ್ ಕೆಸರಿಗೇ ಖರ್ಚಾಗಿಬಿಡುತ್ತೆ. ಅಂದಹಾಗೆ, ನೆಲದಡಿಯ ಕಲ್ಲಿಂದ ನೀರಿಗೆ ಸೇರೋ ಫ್ಲೋರೈಡ್ ಅನ್ನೋ ಲವಣಕ್ಕೆ ಇದ್ಯಾವುದೂ ಮದ್ದಲ್ಲ. ಕುದಿಸಿದ್ರೂ ನೀರು ಆವಿಯಾಗುತ್ತೆ, ಫ್ಲೋರೈಡ್ ಉಳಿಯುತ್ತೆ. ಬಾವಿ ಕೊರೆದಾಗಲೇ ಲ್ಯಾಬ್ ಪರೀಕ್ಷೆ ಆಗಿರಬೇಕು.

ಈಗ ತುದಿ ಮನೆ. ನಲ್ಲಿಯನ್ನ ಒಂದು ನಿಮಿಷ ಹರಿಯಬಿಟ್ಟು 10 ಮಿಲಿ ನೀರು ಹಿಡಿದು, ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಹಾಕಿ. ಕ್ಲೋರಿನ್ ಇದ್ರೆ ಗುಲಾಬಿ ಬಣ್ಣ ಬರುತ್ತೆ. ಬಣ್ಣದ ಪಟ್ಟಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ತೋರಿಸಿದ್ರೆ ಸರಿ.

ಬಣ್ಣವೇ ಬರಲಿಲ್ವಾ? ಟ್ಯಾಂಕಿನ ಬುಡದಲ್ಲೂ ಪರೀಕ್ಷೆ ಮಾಡಿ. ಅಲ್ಲಿ ಸರಿಯಿದ್ರೆ ಪೈಪ್ ಮೇಲೆ ಅನುಮಾನಪಡಿ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡೋ ಕಡೆ, ವಾಲ್ವ್ ಮುಚ್ಚಿದ ಮೇಲೆ ಪೈಪ್ ಖಾಲಿಯಾಗ್ತಾ ಹೊರಗಿಂದ ಎಳೆದುಕೊಳ್ಳುತ್ತೆ. ಸಡಿಲವಾದ ಜಾಯಿಂಟ್ ಚರಂಡಿಯಲ್ಲಿ ಮುಳುಗಿದ್ರೆ ಒಳಗೆ ಹೋಗೋದು ಚರಂಡಿ ನೀರೇ. ಮರುದಿನದ ಮೊದಲ ಬಿಂದಿಗೆ ಕದಡಿದ್ರೆ, ವಾಸನೆ ಬಂದ್ರೆ, ಪೌಡರ್ ಜಾಸ್ತಿ ಮಾಡೋಕೆ ಹೋಗಬೇಡಿ. ಆ ಬೀದಿಯ ಚರಂಡಿ ದಾಟೋ ಪೈಪನ್ನ ಅಗೆದು ನೋಡಿ, ಜಾಯಿಂಟನ್ನ ಚರಂಡಿಯಿಂದ ಮೇಲಕ್ಕೆ ತನ್ನಿ.