ಅಪ್ಪಯ್ಯ ಹೇಳುತ್ತಿದ್ದ ಆಪೇರಾ ಹೌಸ್

ಕೇಳುಗರೇ, ನಮಸ್ಕಾರ.

ನಮ್ಮ ಹೊನ್ನಾವರದ ಕಡೆ ಮುಂಬಯಿಗೆ ಹೋಗಿ ದುಡಿದು ಬಂದವರು ಜಾಸ್ತಿ. 1956ರವರೆಗೆ ನಮ್ಮ ಜಿಲ್ಲೆ ಇದ್ದದ್ದೂ ಮುಂಬಯಿ ರಾಜ್ಯದಲ್ಲೇ ಅಲ್ವಾ? ಅಪ್ಪಯ್ಯ ಗಿರಗಾಂವದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅವರ ಬಾಯಲ್ಲಿ ‘ಆಪೇರಾ ಹೌಸ್’ ಅಂದರೆ ಬಸ್ಸು ಇಳಿಯುವ ಜಾಗ. ಅದೊಂದು ನಾಟಕದ ಮನೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅದರ ಮೆಟ್ಟಿಲು ಹತ್ತಿದಾಗ.

ಕಲ್ಕತ್ತೆಯ ಮಾರಿಸ್ ಬ್ಯಾಂಡ್‌ಮನ್, ಪಾರ್ಸಿ ವ್ಯಾಪಾರಿ ಜಹಾಂಗೀರ್ ಕರಾಕಾ ಸೇರಿ ಅದನ್ನು ಕಟ್ಟಿಸಿದರು. 1911ರಲ್ಲಿ ಐದನೇ ಜಾರ್ಜ್ ದೊರೆಯಿಂದ ಉದ್ಘಾಟನೆ ಆಯಿತು. ಕೆಲಸ ಇನ್ನೂ ಬಾಕಿಯಿತ್ತು, ಆದರೂ ಆಯಿತು. ಮರಾಠಿ ರಂಗಭೂಮಿಯ ದೊಡ್ಡ ಗಾಯಕ-ನಟ ಬಾಲಗಂಧರ್ವರು ಅಲ್ಲಿ ಹಾಡಿದರು. ಪೃಥ್ವಿರಾಜ್ ಕಪೂರ್ ಅಭಿನಯಿಸಿದರು. ಆಮೇಲೆ ಸಿನಿಮಾ ಬಂತು. ರಂಗದ ಪಕ್ಕದ ಬಾಕ್ಸ್‌ಗಳು, ಅಂದರೆ ಬೇರೆಯಾಗಿ ಕೂತು ಆಟ ನೋಡುವ ಪುಟ್ಟ ಕೋಣೆಗಳು, ಹೋದವು. 1952ರಲ್ಲಿ ಗುಜರಾತಿನ ಗೊಂಡಲ್ ರಾಜಮನೆತನ ಅದನ್ನು ಕೊಂಡಿತು. ವಿಡಿಯೋ, ಟಿವಿ ಕಾಲಕ್ಕೆ ಜನ ಕಡಿಮೆಯಾದರು. 1993ರಲ್ಲಿ ಬಾಗಿಲು ಬಿತ್ತು.

ಮತ್ತೆ ತೆರೆದದ್ದು 2016ರ ಅಕ್ಟೋಬರಿನಲ್ಲಿ. 23 ವರ್ಷ! ನಮ್ಮ ಕಡೆ ಒಂದು ಮನೆಯನ್ನು ಎರಡು ಮಳೆಗಾಲ ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಮತ್ತವರ ತಂಡ ಹಳೆಯ ಫೋಟೋ ಹುಡುಕಿ, ಹೋಗಿದ್ದ ಬಾಕ್ಸ್‌ಗಳನ್ನು ಮತ್ತೆ ಕಟ್ಟಿದರು. ಸಿನಿಮಾ ಕಾಲದಲ್ಲಿ ಮೇಲೆ ಮೇಲೆ ಸೇರಿಸಿದ್ದನ್ನು ಬಿಡಿಸಿ ತೆಗೆದರು. ಹೊಸದಾಗಿ ಚೆಂದ ಮಾಡುವುದು ಸುಲಭ. ಇದ್ದ ಹಾಗೇ ಮಾಡಲು ತಾಳ್ಮೆ ಬೇಕು. 2017ರಲ್ಲಿ ಯುನೆಸ್ಕೋದ ಮನ್ನಣೆಯೂ ಸಿಕ್ಕಿತು.

ಬಾಲ್ಕನಿಯಲ್ಲಿ ಕೂತು ಆ ರಂಗ ನೋಡುವಾಗ ನನಗೆ ನೆನಪಾದದ್ದು ನಮ್ಮದೇ ಊರ ಕಡೆಯ ಚೆಂಡೆ ಮದ್ದಲೆ. 1842ರಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತ್ತು. ಅದನ್ನು ಮೆಚ್ಚಿದ ಅಲ್ಲಿನ ದೊರೆ, ಮರಾಠಿಯಲ್ಲೂ ಇಂಥದ್ದು ಆಗಲಿ ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷವೇ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ನಾಟಕದವರು ತಮ್ಮ ಹುಟ್ಟು ಎಣಿಸುವುದು ಅಲ್ಲಿಂದಲೇ. ಬಾಲಗಂಧರ್ವರು ಹಾಡಿದ ಆ ಹಲಗೆಯ ಮೇಲೆ ನಮ್ಮ ಭಾಗವತರ ತಾಳವೂ ಇದೆ ಅಂತ ನನಗೆ ಅನ್ನಿಸಿತು. ಕಣ್ಣು ತುಂಬಿ ಬಂತು.

ಮುಂಬಯಿಯಲ್ಲಿ ನೆಂಟರಿದ್ದರೆ ನೀವೂ ಒಮ್ಮೆ ಹೋಗಿ. ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಸುಮ್ನೆ ಹೊರಗಿನಿಂದ ನೋಡಿ ಬರಬೇಡಿ, ನಾಟಕ ಇರುವ ದಿನವೇ ಹೋಗಿ. ದೀಪ ಆರುವ ಮುಂಚೆ ತಲೆ ಎತ್ತಿ ಗುಮ್ಮಟ ನೋಡಿ. ಕವಿಗಳನ್ನೂ ನಾಟಕಕಾರರನ್ನೂ ನೆನೆದು ಮಾಡಿದ್ದು ಅದು.

ನಮಸ್ಕಾರ.