ಇಂಗ್ಲಿಷಿನ ಉದ್ದ ಪದ ಬಂತಾ? ಮೊದಲು ಬಾಲ ನೋಡಿ

ನಮಸ್ಕಾರ. ಎರಡು ಪದ ಗಟ್ಟಿಯಾಗಿ ಹೇಳಿ ನೋಡೋಣ. ಫೋಟೋಗ್ರಾಫ್. ಫೋಟೋಗ್ರಫಿ. ನಮ್ಮಲ್ಲಿ ಹೆಚ್ಚಿನವರು ಎರಡನ್ನೂ 'ಫೋ' ಅಂತ ಜೋರಾಗಿಯೇ ಶುರು ಮಾಡುತ್ತೇವೆ, ಅಲ್ವಾ? ಇಂಗ್ಲಿಷ್ ಮನೆಮಾತಾಗಿರುವವರು ಹಾಗೆ ಮಾಡುವುದಿಲ್ಲ. ಮೊದಲನೆಯದರಲ್ಲಿ ಒತ್ತು 'ಫೋ' ಮೇಲೆ. ಎರಡನೆಯದರಲ್ಲಿ ಅದು ಮುಂದಕ್ಕೆ ಜಾರಿ 'ಟಾ' ಮೇಲೆ ಕೂರುತ್ತದೆ, ಮೊದಲಿನ 'ಫೋ' ಬರೀ 'ಫ' ಆಗಿ ಸೊರಗುತ್ತದೆ, ಕಿವಿಗೆ 'ಫಟಾಗ್ರಫಿ' ಅಂತ ಕೇಳುತ್ತದೆ. ಫೋಟೋಗ್ರಾಫಿಕ್ ಅಂದರೆ ಮತ್ತೆ ಜಾಗ ಬದಲು, ಈಗ 'ಗ್ರಾ' ಮೇಲೆ. (ಒತ್ತು ಅಂದರೆ ಒತ್ತಕ್ಷರ ಅಲ್ಲ. ಆ ಭಾಗವನ್ನು ಕೊಂಚ ಜೋರಾಗಿ, ಕೊಂಚ ಎಳೆದು ಹೇಳುವುದು.) ಪದದ ತಲೆ ಅದೇ. ಬಾಲ ಬೇರೆ. ಆ ಬಾಲವೇ ಪ್ರತ್ಯಯ.

ಪ್ರತ್ಯಯ ನಮಗೇನು ಹೊಸದಲ್ಲ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೇ. ಎಷ್ಟು ಅಂಟಿಸಿದರೂ 'ಮನೆ' ಅನ್ನುವ ಸದ್ದು ಅಲುಗಾಡುವುದಿಲ್ಲ. ಅದಕ್ಕೇ ಬಾಲ ಬಂದು ತಲೆಯನ್ನು ಅಲ್ಲಾಡಿಸುತ್ತದೆ ಅಂದರೆ ನಮಗೆ ನಂಬಿಕೆ ಬರುವುದಿಲ್ಲ.

ಇಂಗ್ಲಿಷಿನಲ್ಲೂ ಎಲ್ಲ ಪ್ರತ್ಯಯಗಳು ಹೀಗೆ ತಂಟೆ ಮಾಡುವುದಿಲ್ಲ. ನೆಸ್, ಲೆಸ್, ಫುಲ್, ಹುಡ್ ಇವೆಲ್ಲ ಆ ಭಾಷೆಯ ಹಳೇ ಮನೆಯವು, ಸಾಧು. ಕೇರ್, ಕೇರ್‌ಲೆಸ್, ಕೇರ್‌ಲೆಸ್‌ನೆಸ್: ಒತ್ತು ಕೊನೆತನಕ 'ಕೇರ್' ಮೇಲೆಯೇ. ತಂಟೆಯವು ಹೊರಗಿನಿಂದ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು, ಆಮೇಲೆ ಓದುಬರಹದವರ ಮೂಲಕ ಲ್ಯಾಟಿನ್ ಪದಗಳು ರಾಶಿರಾಶಿ ಬಂದವು, ಜೊತೆಗೆ ಇಟಿ, ಇಕ್, ಷನ್‌ನಂಥ ಬಾಲಗಳೂ. ಇವುಗಳ ಚಾಳಿ ಒಂದೇ: ಒತ್ತನ್ನು ತಮಗಿಂತ ಮುಂಚಿನ ಸಿಲಬಲ್‌ಗೆ (ಒಂದೇ ಸಲಕ್ಕೆ ಬಾಯಿಂದ ಬರುವ ಪದದ ತುಂಡಿಗೆ) ಎಳೆದುಕೊಳ್ಳುವುದು.

ಹಾಸ್ಪಿಟಲ್ ಅನ್ನೇ ತೆಗೆದುಕೊಳ್ಳಿ. ಮೂರು ಸಿಲಬಲ್, ಒತ್ತು 'ಹಾಸ್' ಮೇಲೆ. ಹಾಸ್ಪಿಟ್ಯಾಲಿಟಿ ಆದಾಗ ಐದು, ಒತ್ತು 'ಟ್ಯಾ' ಮೇಲೆ. ಇನ್ಶೂರೆನ್ಸ್‌ನವರ ಹಾಸ್ಪಿಟಲೈಸೇಷನ್ ಬಂದರೆ ಆರು, ಒತ್ತು ಷನ್‌ಗೆ ಮುಂಚಿನ 'ಸೇ' ಮೇಲೆ. ಒಂದರ ಮೇಲೊಂದು ಇಂಥ ಬಾಲ ಅಂಟಿದ್ದರೆ ಕೊನೆಯದರ ಮಾತೇ ನಡೆಯುತ್ತದೆ. ಹಾಗಾಗಿ ಉದ್ದ ಪದ ಕಂಡರೆ ಎಡದಿಂದ ತಡವರಿಸುತ್ತಾ ಹೋಗಬೇಡಿ. ಬಲಗಡೆಯಿಂದ ನೋಡಿ.

ಇನ್ನೊಂದು ಜಾತಿಯ ಬಾಲ ಒತ್ತನ್ನು ತಾನೇ ಇಟ್ಟುಕೊಳ್ಳುತ್ತದೆ. ಎಂಜಿನಿಯರ್, ವಾಲಂಟಿಯರ್, ಜಪಾನೀಸ್. ನಮ್ಮೂರಲ್ಲಿ ಇಷ್ಟೊಂದು ಎಂಜಿನಿಯರುಗಳಿದ್ದೂ ಎಲ್ಲರೂ 'ಎಂ' ಮೇಲೆಯೇ ಭಾರ ಹಾಕುತ್ತೇವೆ, ಭಾರ ಇರಬೇಕಾದದ್ದು 'ನಿಯರ್' ಮೇಲೆ.

ಒತ್ತು ಹೋದ ಸ್ವರ ಕರಗುತ್ತದೆ ಅಂದೆನಲ್ಲ, ನಮಗೆ ಜಾಸ್ತಿ ಕಷ್ಟ ಕೊಡುವುದು ಅದೇ. ನಮ್ಮ ಲಿಪಿಯಲ್ಲಿ ಬರೆದದ್ದನ್ನೆಲ್ಲ ಹೇಳಬೇಕು, ಆ ಅಭ್ಯಾಸವನ್ನೇ ಅಲ್ಲಿಗೂ ಒಯ್ಯುತ್ತೇವೆ. ಕಂಫರ್ಟೇಬಲ್, ವೆಜಿಟೇಬಲ್ ಅಂತೀವಿ. ಎರಡರಲ್ಲೂ ಟೇಬಲ್ ಇಲ್ಲ ಸ್ವಾಮಿ! ಕೊನೆಯ ತುಂಡಿಗೆ ಒತ್ತಿಲ್ಲ, ಅದಕ್ಕೇ ಅವರ ಬಾಯಲ್ಲಿ ಅದು 'ಕಂಫ್ಟಬಲ್', 'ವೆಜ್ಟಬಲ್', ಮೂರೇ ಸಿಲಬಲ್.

ಕೆಲವು ಸಲ ಬಾಲ ಬಂದರೆ ಸತ್ತ ಅಕ್ಷರಕ್ಕೂ ಜೀವ ಬರುತ್ತದೆ. 'ಸೈನ್' ಅನ್ನುವಾಗ ಸ್ಪೆಲಿಂಗಿನಲ್ಲಿ ಸುಮ್ನೆ ಕೂತಿರುವ ಜಿ, 'ಸಿಗ್ನೇಚರ್' ಅಂದಕೂಡಲೇ ಕೇಳಿಸುತ್ತದೆ. ಇಂಥವನ್ನೆಲ್ಲ ನೋಡಿಯೇ ಭಾಷಾವಿಜ್ಞಾನಿಗಳಾದ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲಿ 1968ರಲ್ಲಿ, ಇಂಗ್ಲಿಷ್ ಸ್ಪೆಲಿಂಗ್ ನಾವು ಬಯ್ಯುವಷ್ಟು ಕೆಟ್ಟದ್ದಲ್ಲ, ಪದಗಳ ನಂಟನ್ನು ಚೆನ್ನಾಗಿಯೇ ತೋರಿಸುತ್ತದೆ ಅಂತ ವಾದಿಸಿದರು. ವಾದ ನನಗೆ ಹಿಡಿಸುತ್ತದೆ. ಆದರೆ ಡಿಕ್ಟೇಷನ್ ಬರೆಯುವ ಮೂರನೇ ಕ್ಲಾಸಿನ ಮಗುವಿನ ಮುಂದೆ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಈಗ ನೀವೇ ಕೇಳುತ್ತೀರಿ, ಅಪವಾದ ಇಲ್ವಾ ಅಂತ. ಇದೆ. ಪೊಲಿಟಿಕಲ್‌ನಲ್ಲಿ ಒತ್ತು 'ಲಿ' ಮೇಲೆ, ನಿಯಮದ ಪ್ರಕಾರವೇ. ಪಾಲಿಟಿಕ್ಸ್ ಮಾತ್ರ ನಿಯಮ ಕೇಳುವುದಿಲ್ಲ, ಒತ್ತು 'ಪಾ' ಮೇಲೆಯೇ. ಟೆಲಿವಿಷನ್ನೂ ಹಾಗೆ, ಬಹಳ ಜನ 'ಟೆ' ಮೇಲೆಯೇ ಒತ್ತುತ್ತಾರೆ. ಅಂಥವನ್ನು ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ನಿಮಗೆ ನಾಲಿಗೆ ತೊಡರುವ ಪದ ಯಾವುದಾದರೂ ಇದ್ದರೆ ಈಗ ಹೇಳಿ, ಬಾಲ ಹಿಡಿದೇ ನೋಡೋಣ.