'ಈಗ ನೀವು ಕೇಳಿದ್ದು…'

ಕೇಳುಗರೇ, ನಮಸ್ಕಾರ. ರೇಡಿಯೋದಿಂದ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಟೇಪ್ ರೆಕಾರ್ಡರಿನ ಎರಡು ಗುಂಡಿ ಒಟ್ಟಿಗೆ ಒತ್ತಿ, ಇನ್ನೊಂದರ ಮೇಲೆ ಬೆರಳಿಟ್ಟು ಉಸಿರು ಬಿಗಿಹಿಡಿದು ಕೂರುವುದು, ನಿರೂಪಕರ ಮಾತು ಮುಗಿದ ತಕ್ಷಣ ಬೆರಳೆತ್ತುವುದು, ಹಾಡು ಮುಗಿದು ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಟಕ್ ಅಂತ ನಿಲ್ಲಿಸುವುದು. ನಾನೂ ಮಾಡಿದ್ದೇನೆ. ಈಗ ಮೈಕಿನ ಈ ಕಡೆ ಕೂತು ಒಪ್ಪಿಕೊಳ್ಳೋಕೆ ಸ್ವಲ್ಪ ಮುಜುಗರ, ಅಷ್ಟೆ.

1984ರ ಸುಮಾರಿಗೆ ಪಶ್ಚಿಮ ಜರ್ಮನಿಯ ಉತ್ತರ ಭಾಗದಲ್ಲಿ ಒಬ್ಬ ಹುಡುಗ ಇದನ್ನೇ ಮಾಡಿದ. ಕ್ಯಾಸೆಟ್ಟಿನಲ್ಲಿದ್ದ ಒಂದು ಹಾಡು ಯಾರದೆಂದು ತಿಳಿಯಲೇ ಇಲ್ಲ. ಸಿಂಥಸೈಜರ್, ಗಿಟಾರ್, ದಪ್ಪ ಗಂಡು ದನಿ, ಅರ್ಧಂಬರ್ಧ ಕೇಳಿಸುವ ಇಂಗ್ಲಿಷ್. ಕಿವಿಗೆ ಬಿದ್ದಂತೆ 'ಬ್ಲೈಂಡ್ ದ ವಿಂಡ್' ಅಂತ ಬರೆದಿಟ್ಟುಕೊಂಡ. 2007ರಲ್ಲಿ ಅವನ ಸಹೋದರಿ ಅದನ್ನು ಅಂತರ್ಜಾಲಕ್ಕೆ ಹಾಕಿ, ಯಾರಿಗಾದರೂ ಗೊತ್ತಾ ಎಂದು ಕೇಳಿದಳು. ಯಾರಿಗೂ ಗೊತ್ತಿಲ್ಲ! 2019ರಿಂದಂತೂ ದೇಶದೇಶದವರು ಹುಡುಕಾಟಕ್ಕೆ ಇಳಿದರು.

ಮೊಬೈಲಿಗೆ ಕೇಳಿಸಿದರೆ ಅದೇ ಹೇಳುತ್ತಲ್ವಾ ಅಂತೀರಿ. ಶಾಜಾಮ್‌ನಂಥ ಆ್ಯಪ್‌ಗೆ ಹಾಡು ಅರ್ಥವಾಗಬೇಕಿಲ್ಲ. ಯಾವ ಗಳಿಗೆಯಲ್ಲಿ ಯಾವ ಸ್ವರ ಜೋರಾಗಿದೆ ಎಂದು ಚುಕ್ಕಿ ಇಟ್ಟುಕೊಂಡು, ಚುಕ್ಕಿಗೂ ಚುಕ್ಕಿಗೂ ಎಷ್ಟು ಅಂತರ ಅಂತ ಅಳೆದು, ಬೆರಳಚ್ಚಿನ ಹಾಗೆ ತನ್ನ ದಾಸ್ತಾನಿನ ಜೊತೆ ಹೋಲಿಸುತ್ತದೆ. ಆದರೆ ಇದು ಆಗ ಅಂಗಡಿಗೆ ಬಂದಿದ್ದ ಹಾಡೇ ಅಲ್ಲ. ದಾಸ್ತಾನಿನಲ್ಲಿ ಎಲ್ಲಿಂದ ಬರಬೇಕು?

ಹಾಗಾಗಿ ಜನ ಆ ರೆಕಾರ್ಡಿಂಗನ್ನೇ ಜಾಲಾಡಿದರು. ಸದ್ದನ್ನು ಚಿತ್ರವಾಗಿ ಬಿಡಿಸಿ ನೋಡಿದರೆ 10 ಕಿಲೋಹರ್ಟ್ಸ್ ಹತ್ತಿರ, ಅಂದರೆ ತೀರಾ ಕೀರಲು ಸದ್ದಿನ ಜಾಗದಲ್ಲಿ, ಒಂದು ಸಪೂರ ಗೆರೆ, ಹಾಡಿನ ಉದ್ದಕ್ಕೂ. ಸಂಗೀತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎನ್‌ಡಿಆರ್ ಎಂಬ ಅಲ್ಲಿಯ ಬಾನುಲಿಯ ಪ್ರಸಾರದಲ್ಲಿ ಅಂಥದೇ ಗೆರೆ ಬರುತ್ತಿತ್ತು. ನೋಡಿ, ರೇಡಿಯೋದ ಕೊಳೆಯೇ ರೇಡಿಯೋದ ವಿಳಾಸ ಹೇಳಿತು! ಕೀಬೋರ್ಡಿನ ನಾದ ಕೇಳಿದವರು ಇದು ಯಮಹಾ ಡಿಎಕ್ಸ್7 ಇರಬೇಕು ಅಂದರು. ಅದು ಮಾರುಕಟ್ಟೆಗೆ ಬಂದದ್ದೇ 1983ರಲ್ಲಿ. ಊರು, ಕಾಲ ಎರಡೂ ಸುಮಾರಾಗಿ ಸಿಕ್ಕವು. ಹಾಡಿದವರು ಮಾತ್ರ ಇಲ್ಲ.

ಕೊನೆಗೆ ಸುಳಿವು ಕೊಟ್ಟದ್ದು ಯಂತ್ರ ಅಲ್ಲ, ಹಳೇ ಪೇಪರು. ಆ ಸೀಮೆಯ ಬ್ಯಾಂಡುಗಳ ಬಗ್ಗೆ ಒಬ್ಬರು ಹಳೇ ಪತ್ರಿಕೆ ತಿರುವುತ್ತಾ ಹೋದಾಗ ಕೀಲ್ ನಗರದ ಫೆಕ್ಸ್ ಎಂಬ ತಂಡದ ಹೆಸರು ಕಂಡಿತು. ತಂಡದವರೊಬ್ಬರನ್ನು ಪತ್ತೆ ಹಚ್ಚಿ ಕೇಳಿದರು. ಹಾಡು ಅವರ ಹತ್ತಿರವೇ ಇತ್ತು! 2024ರ ನವೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಹಾಡಿನ ನಿಜವಾದ ಹೆಸರು 'ಸಬ್‌ವೇಸ್ ಆಫ್ ಯುವರ್ ಮೈಂಡ್'. ತಮ್ಮ ಹಾಡಿಗಾಗಿ ಇಷ್ಟು ಜನ ತಲೆ ಕೆಡಿಸಿಕೊಂಡಿದ್ದಾರೆ ಅನ್ನೋದು ಪಾಪ ಅವರಿಗೇ ಗೊತ್ತಿರಲಿಲ್ಲ.

ಇಷ್ಟು ವರ್ಷ ಯಾಕೆ ಬೇಕಾಯಿತು? ಆ ಹುಡುಗನಿಗೆ ಹಾಡು ಮಾತ್ರ ಬೇಕಿತ್ತು, ನಡುವೆ ನಿರೂಪಕರ ಮಾತು ಸೇರಬಾರದು ಅಂತ ಎಚ್ಚರ ವಹಿಸುತ್ತಿದ್ದನಂತೆ. ತಂಡದ ಹೆಸರನ್ನು ಆ ಪುಣ್ಯಾತ್ಮರು ಅವತ್ತೇ ಹೇಳಿದ್ದರೋ ಏನೋ.

ಇದನ್ನೆಲ್ಲ ಓದಿದ ಮೇಲೆ ನನ್ನ ಹಳೇ ಕ್ಯಾಸೆಟ್ಟೊಂದನ್ನು ಹಾಕಿ ಕೇಳಿದೆ. ಬರೀ ಕೀಬೋರ್ಡಿನಲ್ಲಿ ನುಡಿಸಿದ ಒಂದು ತುಣುಕು, ಯಾರದೆಂದು ಇವತ್ತಿಗೂ ತಿಳಿದಿಲ್ಲ. ಅದು ಮುಗಿಯುವ ಹೊತ್ತಿಗೆ ಹೆಣ್ಣು ದನಿಯೊಂದು 'ಈಗ ನೀವು ಕೇಳಿದ್ದು' ಅನ್ನುತ್ತದೆ. ಆಮೇಲೆ ಟಕ್.